ಹದಿಮೂರು ಹೆಸರಿನ ಕೌದಿ

ಬೀದಿಯ ವ್ಯಾಪಾರಕ್ಕೆ ಬಂಡವಾಳಕ್ಕಿಂತಲೂ ಕಂಠವೇ ಹೆಚ್ಚು ಅವಶ್ಯವೆಂಬ ಮಾತನ್ನು ಬಳ್ಳಾರಿಯ ಸತ್ಯನಾರಾಯಣಪೇಟೆಯ ಯಾವ ಗೃಹಿಣಿಯಾದರೂ ಒಪ್ಪುವಳು. ಮುಂಜಾನೆ ಸೊಪ್ಪಿನ ಬುಟ್ಟಿ ಹೊತ್ತು ಬರುವವಳಿಂದ ಮೊದಲುಗೊಂಡು ಹಳೆಯ ಕಬ್ಬಿಣ ಕೊಳ್ಳುವವನವರೆಗೆ ಒಬ್ಬೊಬ್ಬರಿಗೂ ಒಂದೊಂದು ಕೂಗು. ಆ ಕೂಗಿಗೆ ವ್ಯಾಕರಣವಿಲ್ಲ. ಅರ್ಧ ಪದ ಗಂಟಲಿನಲ್ಲಿಯೇ ಉಳಿದಿರುತ್ತದೆ. ಆದರೂ ಒಳಮನೆಯಲ್ಲಿ ಒಲೆಯ ಮುಂದಿರುವವಳಿಗೆ ಬಂದವರು ಯಾರು, ತಂದಿರುವುದೇನು ಎಂಬುದು ತಪ್ಪದೆ ತಿಳಿಯುತ್ತದೆ. ಸರಕು ಎಷ್ಟೇ ಉತ್ತಮವಾಗಿರಲಿ, ಮೌನವಾಗಿ ನಡೆದುಹೋಗುವವನು ಸಂಜೆಗೆ ಅದನ್ನು ಹಾಗೆಯೇ ಹೊತ್ತು ಮನೆಗೆ ಮರಳಬೇಕಾಗುತ್ತದೆ.

ಈಗ ಮತ್ತೊಂದು ಪೇಟೆ ತೆರೆದುಕೊಂಡಿದೆ. ಅದು ಅಂತರಜಾಲದ ಪೇಟೆ. ಅಲ್ಲಿಯ ವಿಚಿತ್ರವೇನೆಂದರೆ, ಕೂಗುವವನು ಮಾರುವವನಲ್ಲ, ಕೊಳ್ಳುವವನು. ಅವನು ಹೊಸಪೇಟೆಯಲ್ಲಿರಬಹುದು, ಟೊರಾಂಟೊದಲ್ಲಿರಬಹುದು. ತನಗೆ ಬೇಕಾದುದನ್ನು ಎರಡು ಮೂರು ಪದಗಳಲ್ಲಿ ಪುಟ್ಟದೊಂದು ಪೆಟ್ಟಿಗೆಯೊಳಗೆ ಬರೆದು ಕಾಯುತ್ತಾನೆ. ಮಾರುವವರು ಆ ಪದಗಳನ್ನು ಮುಂಚಿತವಾಗಿಯೇ ಊಹಿಸಿ ತಮ್ಮ ಸರಕಿನ ಅಂಚಿಗೆ ಹೊಲಿದಿಟ್ಟಿರಬೇಕು. ಈ ಪದಗಳಿಗೆ ವ್ಯಾಪಾರಿಗಳ ಭಾಷೆಯಲ್ಲಿ ‘ಕೀವರ್ಡ್’ ಎಂದು ಹೆಸರು, ಕೀಲಿಪದವೆನ್ನೋಣ. ಕೀಲಿ ಹೊಂದಿದರೆ ಬಾಗಿಲು ತೆರೆಯಿತು; ಹೊಂದದಿದ್ದರೆ ಒಳಗೆ ರತ್ನವೇ ಇದ್ದರೂ ಹೊರಗಿನವನಿಗೆ ಗೋಡೆಯೇ ಗತಿ.

ಸತ್ಯನಾರಾಯಣಪೇಟೆಯ ಒಂದು ಮನೆಯನ್ನೇ ಕಲ್ಪಿಸಿಕೊಳ್ಳಬಹುದು. ಮನೆಯಲ್ಲಿ ಅತ್ತೆ, ಸೊಸೆ. ಅತ್ತೆಯ ಕೈಗೆ ಕೌದಿಯ ವಿದ್ಯೆ ತವರಿನಿಂದ ಬಂದದ್ದು. ಹಳೆಯ ನೂಲಿನ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣಬಣ್ಣದ ತುಂಡುಗಳನ್ನಿಟ್ಟು, ಸಾಲು ಸಾಲಾಗಿ ಸಣ್ಣ ಹೊಲಿಗೆ ಹಾಕುತ್ತ ಹೋದರೆ ತಿಂಗಳೊಪ್ಪತ್ತಿನಲ್ಲಿ ಕೌದಿ ಸಿದ್ಧ. ಉತ್ತರ ಕರ್ನಾಟಕದ ಮಕ್ಕಳಲ್ಲಿ ಅದರ ಬಿಸುಪಿನಲ್ಲಿ ಮಲಗದೆ ಬೆಳೆದವರು ವಿರಳ. ಸೊಸೆ ಬಿ.ಕಾಂ. ಓದಿದವಳು. ಬಳ್ಳಾರಿ ಜೀನ್ಸ್ ಬಟ್ಟೆಗೆ ಹೆಸರಾದ ಊರಷ್ಟೆ! ಹೊಲಿಗೆಯ ಮನೆಗಳಲ್ಲಿ ಕತ್ತರಿಸಿ ಉಳಿದ ನೀಲಿ ತುಂಡುಗಳಿಗೆ ಬರವಿಲ್ಲ. ಅತ್ತೆಯ ಹೊಲಿಗೆಗೆ ಆ ನೀಲಿಯನ್ನು ಸೇರಿಸಿ ನೋಡಿದಳು. ಕೌದಿಗೆ ಹೊಸ ಕಳೆ ಬಂದಿತು. ಮಗನ ಕಾಲೇಜಿನ ಶುಲ್ಕಕ್ಕೆ ಇದರಿಂದ ಒಂದಿಷ್ಟು ಒದಗಿದರೆ ಬೇಡವೆನ್ನುವರಾರು? 2005ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಹುಟ್ಟಿ, ಕೈಕೆಲಸದ ವಸ್ತುಗಳಿಗೆಂದೇ ಹೆಸರಾದ ‘ಎಟ್ಸಿ’ ಎಂಬ ಜಾಲತಾಣದಲ್ಲಿ ಕೌದಿಯ ಚಿತ್ರವನ್ನು ಇಟ್ಟಳು.

ಇಟ್ಟ ಹೆಸರು ಮಾತ್ರ ನೋಡಬೇಕು: ‘ಬ್ಯೂಟಿಫುಲ್ ಕೌದಿ, ಮೇಡ್ ವಿತ್ ಲವ್’. ಮೂರು ತಿಂಗಳು ಕಳೆದರೂ ಒಬ್ಬ ಗಿರಾಕಿಯೂ ಇಣುಕಿ ನೋಡಲಿಲ್ಲ.

“ಅದ್ಯಾಕವ್ವಾ, ನಮ್ಮ ಕೌದಿ ಯಾರಿಗೂ ಬೇಡ ಅಂತೇನು?” ಎಂದು ಕೇಳಿದರು ಅತ್ತೆ.

“ಬೇಡ ಅಂತಲ್ಲ ಅತ್ತೇ, ಅದು ಅವರ ಕಣ್ಣಿಗೇ ಬಿದ್ದಿಲ್ಲ.”

“ಕಣ್ಣಿಗೆ ಬೀಳದಂಗ ಎಲ್ಲಿಟ್ಟೀ ಮತ್ತ?”

ಪ್ರಶ್ನೆ ಮುಗ್ಧವಾದುದು, ಆದರೆ ವ್ಯವಹಾರದ ಮರ್ಮವೆಲ್ಲ ಅದರಲ್ಲಿಯೇ ಅಡಗಿದೆ. ಕೋಟ್ಯಂತರ ವಸ್ತುಗಳಿರುವ ಅಂಗಡಿಯಲ್ಲಿ ಒಂದು ಕೌದಿಯನ್ನು ಎಲ್ಲಿ ಇಟ್ಟಿದ್ದಾಳೆಂಬುದನ್ನು ನಿಶ್ಚಯಿಸುವುದು ಅದಕ್ಕೆ ಕಟ್ಟಿದ ಪದಗಳೇ. ದೊಡ್ಡ ಗ್ರಂಥಗಳ ಕೊನೆಯಲ್ಲಿ ಅಕಾರಾದಿಯಾಗಿ ಪದಸೂಚಿ ಇರುತ್ತದೆಯಲ್ಲವೆ? ಯಾವ ಪದ ಯಾವ ಪುಟದಲ್ಲಿದೆಯೆಂದು ತಿಳಿಸುವ ಪಟ್ಟಿ. ಹುಡುಕುವ ಯಂತ್ರವೂ ತನ್ನೊಳಗೆ ಅಂಥದೇ ಪಟ್ಟಿಯನ್ನು ಇಟ್ಟುಕೊಂಡಿರುತ್ತದೆ. ಗಿರಾಕಿ ಕೇಳಿದಾಗ ಅದು ಅಂಗಡಿಯನ್ನೆಲ್ಲ ಸುತ್ತಿ ಬರುವುದಿಲ್ಲ, ಪಟ್ಟಿಯನ್ನು ತಿರುವಿಹಾಕುತ್ತದೆ. ಈಚಿನ ಯಂತ್ರಗಳು ಸಮಾನಾರ್ಥದ ಪದಗಳನ್ನು ಊಹಿಸಬಲ್ಲವು, ಚಿತ್ರವನ್ನೂ ಒಂದು ಮಟ್ಟಿಗೆ ಗುರುತಿಸಬಲ್ಲವು ಎಂಬುದು ದಿಟ. ಹಾಗೆಂದಮಾತ್ರಕ್ಕೆ ಬರೆಯದ ಪದವನ್ನು ನಂಬಿ ಕುಳಿತಿರುವುದು ಜಾಣತನವಲ್ಲ.

‘ಬ್ಯೂಟಿಫುಲ್’ ಎಂಬ ಪದದಿಂದ ಯಾವ ದೋಷವೂ ಇಲ್ಲ, ಪ್ರಯೋಜನವೂ ಇಲ್ಲ. ಸುಂದರವಲ್ಲದ ಕೌದಿಯನ್ನು ಹುಡುಕುವವರಾರು? ಹೆತ್ತವರಿಗೆ ಹೆಗ್ಗಣ ಮುದ್ದೆಂಬ ಗಾದೆಯನ್ನು ಮಾಡಿದವರು ಈ ಪೇಟೆಯನ್ನು ಕಾಣದವರಾದರೂ ಅದರ ನೀತಿಯನ್ನು ಬಲ್ಲವರು. ಹೊಗಳಿಕೆ ಮಾರುವವರ ಮಾತು. ಅಳತೆ, ಬಣ್ಣ, ಬಟ್ಟೆ, ಉಪಯೋಗ ಇವು ಕೊಳ್ಳುವವರ ಮಾತು. ಕೀಲಿಪದವನ್ನು ಆರಿಸುವವರು ಮೊದಲು ತೊರೆಯಬೇಕಾದದ್ದು ತಮ್ಮ ವಸ್ತುವಿನ ಮೇಲಿನ ವಾತ್ಸಲ್ಯವನ್ನು.

ಇನ್ನು ‘ಕೌದಿ’ ಎಂಬುದು. ಈ ಎರಡಕ್ಷರದ ಚೆಂದದ ಪದವನ್ನು ಇಂಗ್ಲಿಷ್ ಲಿಪಿಯಲ್ಲಿ ಬರೆದೊಡನೆ ಅದಕ್ಕೆ ವೇಷ ಬದಲಾಗುತ್ತದೆ. ಒಬ್ಬರು ‘ಏ-ಯು’ ಹಾಕಿ ಬರೆದರೆ ಇನ್ನೊಬ್ಬರು ‘ಓ-ಡಬ್ಲ್ಯು’ ಹಾಕುತ್ತಾರೆ. ಮತ್ತೊಬ್ಬರು ‘ಕವುದಿ’ ಎಂದು ಬಿಡಿಸುತ್ತಾರೆ. ಅಷ್ಟೇ ಅಲ್ಲ, ಇಂಗ್ಲಿಷ್ ಲಿಪಿಗೆ ದಕಾರ ಡಕಾರಗಳ ಭೇದವಿಲ್ಲ. ಹಿಂದಿಯಲ್ಲಿ ‘ಕೌಡಿ’ ಎಂದರೆ ಕವಡೆ. ಹೀಗಾಗಿ ಅತ್ತೆಯ ಕೌದಿ ಸಮುದ್ರದ ಕವಡೆಗಳ ರಾಶಿಯ ನಡುವೆ ಹೋಗಿ ಕುಳಿತುಕೊಳ್ಳಬಹುದು. ಕವಡೆ ಬೇಕೆಂದು ಬಂದವನು ಹೊದಿಕೆಯನ್ನು ಕಂಡು ಮುಂದೆ ನಡೆಯುತ್ತಾನೆ. ಯಂತ್ರವೋ, ಅದನ್ನೂ ಗಮನಿಸಿರುತ್ತದೆ! ತೋರಿಸಿದಾಗ ಜನರು ಒಳಗೆ ಹೋಗಿ ನೋಡಿದ, ಕೊಂಡ ವಸ್ತುವನ್ನು ಮೇಲಕ್ಕೇರಿಸುವುದು, ನೋಡಿಯೂ ದಾಟಿಹೋದ ವಸ್ತುವನ್ನು ಕೆಳಗಿಳಿಸುವುದು ಇಂಥ ಪೇಟೆಗಳ ಪದ್ಧತಿ. ತಪ್ಪು ಪದ ಗಿರಾಕಿಯನ್ನು ತರುವುದಿಲ್ಲವೆಂಬುದಷ್ಟೇ ಅಲ್ಲ, ಬರಲಿದ್ದವರ ದಾರಿಯನ್ನೂ ಕೆಡಿಸುತ್ತದೆ.

ಸೊಸೆ ಇದನ್ನು ಅರಿತ ಮೇಲೆ ಮತ್ತೊಂದು ತುದಿಗೆ ಜಿಗಿದಳು. ಕೌದಿಯನ್ನು ಬಿಟ್ಟು ‘ಕ್ವಿಲ್ಟ್’ ಎಂದಷ್ಟೇ ಬರೆದಳು. ಕನಕದುರ್ಗಮ್ಮನ ಸಿಡಿಬಂಡಿ ಉತ್ಸವದ ನೂಕುನುಗ್ಗಲಿನಲ್ಲಿ ತಪ್ಪಿಸಿಕೊಂಡ ಮಗು “ಅವ್ವಾ” ಎಂದು ಕೂಗಿದರೆ ಹತ್ತು ಹೆಂಗಸರು ತಿರುಗಿ ನೋಡುತ್ತಾರೆ. ಅದರ ಅವ್ವ ಮಾತ್ರ ಸಿಕ್ಕುವುದಿಲ್ಲ. ಒಂದೇ ಪದದ ಕೂಗಿನ ಪಾಡು ಇದು. ‘ತೊಟ್ಟಿಲಿಗೆ ಹಾಸುವ ನೂಲಿನ ಕೌದಿ’ ಎಂದು ಹುಡುಕುವವರು ‘ಹೊದಿಕೆ’ ಎಂದು ಹುಡುಕುವವರಿಗಿಂತ ಬಹಳ ಕಡಿಮೆ. ಆದರೆ ಹಾಗೆ ಹುಡುಕಿದವರು ಕೊಳ್ಳುವ ನಿಶ್ಚಯದಿಂದಲೇ ಬಂದವರು. ಅಂತರಜಾಲದ ಪೇಟೆಯಲ್ಲಿ ಕೆಲವೇ ಜನಪ್ರಿಯ ವಸ್ತುಗಳಷ್ಟೇ ಅಲ್ಲ, ಒಬ್ಬಿಬ್ಬರಿಗೆ ಮಾತ್ರ ಬೇಕಾದ ಅಸಂಖ್ಯ ವಸ್ತುಗಳೂ ಸೇರಿ ದೊಡ್ಡ ವ್ಯಾಪಾರವಾಗುತ್ತದೆಂದು ಅಮೆರಿಕದ ಸಂಪಾದಕ ಕ್ರಿಸ್ ಆಂಡರ್ಸನ್ 2004ರಲ್ಲಿ ಬರೆದು, ಅದಕ್ಕೆ ‘ಉದ್ದನೆಯ ಬಾಲ’ವೆಂದು ಹೆಸರಿಟ್ಟರು. ಕೈಕೆಲಸದವರ ಅನ್ನ ಇರುವುದು ಆ ಬಾಲದಲ್ಲಿಯೇ.

ಹಾಗಾದರೆ ಕೊಳ್ಳುವವನ ಬಾಯಲ್ಲಿರುವ ಮಾತನ್ನು ತಿಳಿಯುವುದು ಹೇಗೆ? ಇದಕ್ಕೆ ಉತ್ತರ ಅತ್ತೆಯಿಂದಲೇ ದೊರೆಯಿತು. “ನಮ್ಮ ಕಾಲದಾಗ ಯಾರೂ ಕೌದಿ ಕೊಡ್ರೀ ಅಂತ ಬರ್ತಿದ್ದಿಲ್ಲ. ಬಾಣಂತಿಗೆ ಹಾಸಾಕ ಬೇಕು, ತೊಟ್ಟಿಲಾಗ ಹಾಕಾಕ ಬೇಕು, ಬೀಗರು ಬಂದ್ರ ಹೊದಿಯಾಕ ಬೇಕು ಅಂತಿದ್ರು” ಎಂದರು ಅವರು. ಶಾಲೆಯ ಮೆಟ್ಟಿಲನ್ನು ಹೆಚ್ಚು ಹತ್ತದ ಆ ವೃದ್ಧೆಯ ಮಾತಿನಲ್ಲಿ ಈ ಶಾಸ್ತ್ರದ ಮೊದಲ ಸೂತ್ರವಿದೆ: ಜನರು ವಸ್ತುವಿನ ಹೆಸರಿಗಿಂತ ಮೊದಲು ತಮ್ಮ ಅಗತ್ಯವನ್ನು ಉಚ್ಚರಿಸುತ್ತಾರೆ. ಚನ್ನಪಟ್ಟಣದ ಅರಗಿನ ಬಣ್ಣದ ಗೊಂಬೆಯ ಹೆಸರನ್ನೇ ಕೇಳದ ತಾಯಿಯೂ ‘ಮಗುವಿಗೆ ಮರದ ಆಟಿಕೆ’ ಎಂದು ಹುಡುಕುತ್ತಾಳೆ.

ಎರಡನೆಯ ಉಪಾಯ ಹುಡುಕುವ ಪೆಟ್ಟಿಗೆಯಲ್ಲಿಯೇ ಇದೆ. ಅದರಲ್ಲಿ ನಾಲ್ಕಕ್ಷರ ಬರೆದು ನಿಲ್ಲಿಸಿದರೆ, ಉಳಿದುದನ್ನು ಅದೇ ಪೂರ್ಣಗೊಳಿಸಿ ಕೆಲವು ಸೂಚನೆಗಳನ್ನು ಮುಂದಿಡುತ್ತದೆ. ಅವು ಬಹುಮಟ್ಟಿಗೆ ಇತರರು ಹಿಂದೆ ಕೇಳಿದ ಪ್ರಶ್ನೆಗಳ ಪ್ರತಿಧ್ವನಿ. ಒಂದೇ ಪದದ ಎರಡು ಕಾಗುಣಿತಗಳಲ್ಲಿ ಯಾವುದು ಹೆಚ್ಚು ರೂಢಿಯಲ್ಲಿದೆಯೆಂಬುದನ್ನು 2006ರಿಂದ ಇರುವ ‘ಗೂಗಲ್ ಟ್ರೆಂಡ್ಸ್’ ಎಂಬ ಸಾಧನ ಹೋಲಿಸಿ ತೋರಿಸುತ್ತದೆ. ಇದರ ಅಗತ್ಯ ಬಳ್ಳಾರಿಯವರಿಗೆ ಬೇರೆಯವರಿಗಿಂತ ಚೆನ್ನಾಗಿ ತಿಳಿಯಬೇಕು. 2014ರ ನವೆಂಬರ್ 1ರಂದು ಸರ್ಕಾರವು ‘ಬೆಳ್ಳಾರಿ’ ಎಂದು ಓದಿಸುತ್ತಿದ್ದ ಇಂಗ್ಲಿಷ್ ಕಾಗುಣಿತವನ್ನು ಬಿಡಿಸಿ ಊರಿಗೆ ಅದರ ನಿಜವಾದ ಹೆಸರನ್ನು ಕೊಟ್ಟಿತು. ಆದರೆ ಜನರ ಬೆರಳುಗಳಿಗೆ ರಾಜಪತ್ರ ತಲುಪುವುದು ನಿಧಾನ. ಆದ್ದರಿಂದ ಇಲ್ಲಿಯ ಜೀನ್ಸ್ ಮಾರುವವರು ಎರಡು ಕಾಗುಣಿತಗಳನ್ನೂ ಬರೆದಿಡುವುದೇ ಲೇಸು.

ಮೂರನೆಯದು, ಕೊಂಡವರು ಬರೆದ ಅಭಿಪ್ರಾಯಗಳು. ಕುಶಲ ಕಲೆಗೆ ತನ್ನದೇ ಆದ ಒಳಭಾಷೆ ಇರುತ್ತದೆ. ಅದು ಹೊರಗಿನವನಿಗೆ ತಿಳಿಯದು. ಧಾರವಾಡದ ಕಸೂತಿಯಲ್ಲಿ ಗವಂತಿ, ಮುರ್ಗಿ, ನೇಗಿ, ಮೆಂತೆ ಎಂಬ ನಾಲ್ಕು ಬಗೆಯ ಹೊಲಿಗೆಗಳುಂಟು. ‘ಮೆಂತೆ’ ಎಂದು ಬರೆದು ಕುಳಿತರೆ ಕನ್ನಡದ ಗಿರಾಕಿ ಒಗ್ಗರಣೆಯ ಡಬ್ಬಿಯನ್ನು ನೆನೆಯುತ್ತಾನೆ. ಅದನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದರೆ ಫ್ರೆಂಚರ ಕಣ್ಣಿಗೆ ಅದು ಪುದೀನ! ‘ಅಡ್ಡಹೊಲಿಗೆ’ ಎಂಬರ್ಥದ ‘ಕ್ರಾಸ್ ಸ್ಟಿಚ್’ ಎಂದಾಗಲೇ ಲೋಕ ಅರಿಯುವುದು.

ಇಷ್ಟು ಸಂಗ್ರಹಿಸಿದ ಮೇಲೆ ಆಯ್ಕೆಯ ಸಂಕಟ. ಎಟ್ಸಿಯಲ್ಲಿ ಒಂದು ವಸ್ತುವಿಗೆ ಹದಿಮೂರು ಕೀಲಿಪದಗಳನ್ನು ಕಟ್ಟಬಹುದು. ಒಂದೊಂದೂ ನಡುವಿನ ತೆರವೂ ಸೇರಿ ಇಪ್ಪತ್ತು ಅಕ್ಷರಗಳನ್ನು ಮೀರುವಂತಿಲ್ಲ. ಕಂದಪದ್ಯದ ಮಾತ್ರೆಗಳಿಗಿಂತ ಈ ನಿಯಮ ಕಠಿಣ. ‘ಡೆನಿಮ್ ಪ್ಯಾಚ್‌ವರ್ಕ್ ಥ್ರೋ’ ಎಂಬುದನ್ನು ಇಂಗ್ಲಿಷಿನಲ್ಲಿ ಬರೆದು ಎಣಿಸಿದರೆ ಇಪ್ಪತ್ತೊಂದು! ಒಂದಕ್ಷರದ ದೆಸೆಯಿಂದ ಒಳ್ಳೆಯ ಪದಗುಚ್ಛ ಕೈಬಿಟ್ಟಿತು. ಅದನ್ನು ‘ಡೆನಿಮ್ ಕ್ವಿಲ್ಟ್’, ‘ಪ್ಯಾಚ್‌ವರ್ಕ್ ಥ್ರೋ’ ಎಂದು ಎರಡಾಗಿ ಒಡೆಯಬೇಕಾಯಿತು. ಹದಿಮೂರರಲ್ಲಿಯೂ ‘ಕ್ವಿಲ್ಟ್’ ಎಂದೇ ಜಪಿಸುವುದು ವ್ಯರ್ಥ. ವಸ್ತು ಯಾವುದು, ಯಾವ ಬಟ್ಟೆಯದು, ಹೇಗೆ ಮಾಡಿದ್ದು, ಯಾರಿಗೆ, ಯಾವ ಸಂದರ್ಭಕ್ಕೆ, ಎಲ್ಲಿಯದು ಎಂದು ಒಂದೊಂದು ಪ್ರಶ್ನೆಗೆ ಒಂದೊಂದು ಉತ್ತರವಿದ್ದರೆ ಬೇರೆ ಬೇರೆ ಓಣಿಗಳಿಂದ ಬರುವವರಿಗೆ ಬೇರೆ ಬೇರೆ ಬಾಗಿಲು ತೆರೆದಂತಾಗುತ್ತದೆ.

ಅಮರಸಿಂಹನು ತನ್ನ ಕೋಶದಲ್ಲಿ ಒಂದೊಂದು ವಸ್ತುವಿಗೆ ಇರುವ ಹೆಸರುಗಳನ್ನೆಲ್ಲ ಸಾಲಾಗಿ ಜೋಡಿಸಿಟ್ಟ. ಹಿಂದಿನವರು ಅದನ್ನು ಬಾಯಿಪಾಠ ಮಾಡಿದರು. ಇಂದು ಕೌದಿ ಮಾರುವ ಗೃಹಿಣಿಯೂ ತನ್ನ ಪುಟ್ಟ ಅಮರಕೋಶವೊಂದನ್ನು ಬರೆದುಕೊಳ್ಳಬೇಕಾಗಿದೆ. ಕೌದಿಗೆ ಬಂಧುಗಳು ಎಷ್ಟೊಂದು! ಗಡಿಯಾಚೆಯ ತೆಲುಗರಿಗೆ ಅದು ಬೊಂತ, ಮರಾಠಿಗರಿಗೆ ಗೋಧಡಿ, ಹಿಂದಿಯವರಿಗೆ ಗುದಡಿ, ಬಂಗಾಳಿಗಳಿಗೆ ಕಾಂಥಾ, ಬಿಹಾರದವರಿಗೆ ಸುಜನಿ, ಸಿಂಧದವರಿಗೆ ರಲ್ಲಿ. ಹಳೆಯ ಬಟ್ಟೆಯನ್ನು ಎಸೆಯಲಾರದ ತಾಯಂದಿರು ಎಲ್ಲೆಲ್ಲಿರುವರೋ ಅಲ್ಲೆಲ್ಲ ಕೌದಿ ಹುಟ್ಟಿದೆ.

ಇಲ್ಲಿಂದಲೇ ಧರ್ಮಸಂಕಟ ಪ್ರಾರಂಭ. ಬಂಧುವಿನ ಹೆಸರನ್ನು ತಾನಿಟ್ಟುಕೊಳ್ಳಬಹುದೆ? ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳದ ಕಡೆ ನೆಲೆಸಿರುವ, ಆಫ್ರಿಕಾ ಮೂಲದ ಸಿದ್ದಿ ಜನಾಂಗದ ಹೆಂಗಸರು ‘ಕವಂದಿ’ ಎಂಬ ಹೊದಿಕೆಯನ್ನು ಹೊಲಿಯುತ್ತಾರೆ. ಅಂಚಿನಿಂದ ತೊಡಗಿ ಸುತ್ತುತ್ತ ಸುತ್ತುತ್ತ ನಡುವಿಗೆ ಬರುವುದು ಅದರ ಕ್ರಮ. ನಾಲ್ಕು ಮೂಲೆಗಳಲ್ಲಿ ‘ಫುಲ’ ಎಂದು ಕರೆಯುವ ಮಡಿಸಿದ ಬಟ್ಟೆಯ ಹೂಗಳಿಲ್ಲದಿದ್ದರೆ ಅವರ ಮನಸ್ಸಿಗೆ ಹೊದಿಕೆ ಪೂರ್ಣವಾಗದು. ಪರದೇಶಗಳ ಹೊಲಿಗೆಯ ಹವ್ಯಾಸಿಗಳಿಗೆ ಆ ಹೆಸರು ಇಂದು ಪರಿಚಿತ. ಸೊಸೆಯ ಮಗ, “ಕವಂದಿ ಅಂತ ಬರಿ ಅಮ್ಮಾ, ಜನ ಬರ್ತಾರೆ” ಎಂದ. ಅತ್ತೆ ಒಪ್ಪಲಿಲ್ಲ. “ಅವರು ಹೊಲಿಯೋದು ಬ್ಯಾರೆ, ನಾವು ಹೊಲಿಯೋದು ಬ್ಯಾರೆ. ಅವರ ಹೆಸರು ಹೇಳಿ ನಾವು ಉಣ್ಣೋದು ಬ್ಯಾಡ” ಎಂದುಬಿಟ್ಟರು. ‘ವಿಂಟೇಜ್’ ಎಂಬ ಪದವೂ ಹೀಗೆಯೇ ಹೊರಗೆ ಉಳಿಯಿತು. ಒಳಗಿನ ಸೀರೆ ಹಳೆಯದಿರಬಹುದು. ಆ ಪೇಟೆಯ ನಿಯಮದಂತೆ ವಸ್ತುವಿಗೇ ಇಪ್ಪತ್ತು ವರ್ಷವಾದರೂ ತುಂಬಿರಬೇಕು.

ಕೆಲವು ಹೆಸರುಗಳಿಗಂತೂ ಕಾನೂನಿನ ಕಾವಲೇ ಇದೆ. ಅದೇ ಜಿಲ್ಲೆಯ ಸಂಡೂರಿನ ಲಂಬಾಣಿ ಕಸೂತಿ ಭೌಗೋಳಿಕ ಗುರುತನ್ನು ಪಡೆದಿದೆ. ಇಳಕಲ್ ಸೀರೆ, ಚನ್ನಪಟ್ಟಣದ ಗೊಂಬೆ, ಕಿನ್ನಾಳದ ಗೊಂಬೆಗಳೂ ಆ ಸಾಲಿನವೇ. 1999ರ ಕಾಯಿದೆಯಂತೆ ಆ ಹೆಸರುಗಳನ್ನು ಬೇರೆಯ ಸರಕಿಗೆ ಅಂಟಿಸಿ ಮಾರುವುದು ದಂಡನೀಯ. ಕೀಲಿಪದವೆಂದು ಹಿಂದಿನ ಬಾಗಿಲಿನಿಂದ ಸೇರಿಸಿದರೂ ಸುಳ್ಳು ಸುಳ್ಳೇ. ನಿಜವಾದ ಇಳಕಲ್ ಸೀರೆಯ ತುಂಡು ಕೌದಿಯಲ್ಲಿದ್ದರೆ ಅದನ್ನು ವಿವರಣೆಯಲ್ಲಿ ಹೇಳಬಹುದು, ಇಲ್ಲದ್ದನ್ನು ಇದೆಯೆನ್ನಬಾರದು.

ಸಂಡೂರಿನ ಕಥೆಯಲ್ಲಿ ಹೆಸರಿನ ತೊಡಕು ಇನ್ನೂ ಆಳವಾದದ್ದು. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ-20 ದೇಶಗಳ ಸಂಸ್ಕೃತಿ ಸಭೆ ನಡೆದಾಗ, ಸಂಡೂರು ಕುಶಲ ಕಲಾ ಕೇಂದ್ರದ 450ಕ್ಕೂ ಹೆಚ್ಚು ಲಂಬಾಣಿ ಮಹಿಳೆಯರ ಕೈಯಿಂದಾದ 1,755 ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆಗೆ ಸೇರಿತು. ಕನ್ನಡಿ, ಕವಡೆ, ನಾಣ್ಯ, ಬಣ್ಣದ ದಾರಗಳ ಆ ಕಲೆಯನ್ನು ಲೋಕ ಕಣ್ಣರಳಿಸಿ ನೋಡಿತು. ಆದರೆ ನೋಡಿದವರು ಮನೆಗೆ ಹೋಗಿ ಯಾವ ಹೆಸರಿನಿಂದ ಹುಡುಕಬೇಕು? ಕರ್ನಾಟಕದಲ್ಲಿ ಲಂಬಾಣಿ, ಲಮಾಣಿ, ಆಂಧ್ರದಲ್ಲಿ ಲಂಬಾಡಿ, ಸುಗಾಲಿ, ಉಳಿದೆಡೆ ಬಂಜಾರ. ಪಶ್ಚಿಮದ ಗಿರಾಕಿಗೆ ಇವು ಯಾವುವೂ ಗೊತ್ತಿಲ್ಲ; ಅವನು ಬರೆಯುವುದು ‘ಬೋಹೋ’, ಇಲ್ಲವೆ ‘ಜಿಪ್ಸಿ’.

ಈ ಎರಡು ಪದಗಳ ಪೂರ್ವೋತ್ತರ ಸ್ವಾರಸ್ಯಕರವಾಗಿದೆ. ಯೂರೋಪಿನ ಅಲೆಮಾರಿಗಳಾದ ರೋಮಾ ಜನರನ್ನು ಇಂಗ್ಲಿಷರು ಈಜಿಪ್ಟಿನಿಂದ ಬಂದವರೆಂದು ತಿಳಿದು ‘ಜಿಪ್ಸಿ’ ಎಂದರು. ಫ್ರೆಂಚರು ಬೊಹೀಮಿಯದವರೆಂದು ತಿಳಿದು ಬೇರೊಂದು ಹೆಸರಿಟ್ಟರು. ಅದೇ ಮೊಟಕಾಗಿ ಇಂದಿನ ‘ಬೋಹೋ’. ಅವರ ಮೂಲ ಎರಡೂ ಅಲ್ಲ, ಭಾರತವೆಂದು ಭಾಷಾಶಾಸ್ತ್ರಜ್ಞರು ಕಂಡುಕೊಂಡಿದ್ದಾರೆ. ಶತಮಾನಗಳ ಹಿಂದೆ ಯಾರೋ ಅಜ್ಞಾನದಿಂದ ಕಟ್ಟಿದ ತಪ್ಪು ಕೀಲಿಪದ ಒಂದು ಜನಾಂಗದ ಕೊರಳಿಗೆ ಬಿದ್ದು ಇಂದಿಗೂ ಕಳಚಿಲ್ಲ. ‘ಜಿಪ್ಸಿ’ ಎಂಬುದನ್ನು ಆ ಜನರಲ್ಲಿ ಅನೇಕರು ಬೈಗಳೆಂದೇ ಬಗೆಯುತ್ತಾರೆ. ಅದನ್ನು ಲಂಬಾಣಿ ಚೀಲಕ್ಕೆ ಕಟ್ಟಿದರೆ ಇಬ್ಬರಿಗೂ ಅಪಚಾರ. ‘ಕನ್ನಡಿ ಕೆಲಸದ ಚೀಲ’ ಎಂದರೆ ಗಿರಾಕಿಯೂ ಬರುತ್ತಾನೆ, ಮಾನವೂ ಉಳಿಯುತ್ತದೆ. ಪರಿಣಾಮಕಾರಿಯಾದ ಪದ ಬೇರೆ, ಪ್ರಾಮಾಣಿಕವಾದ ಪದ ಬೇರೆ ಎಂದು ತಿಳಿಯುವವರು ಆತುರಗಾರರು. ಸ್ವಲ್ಪ ಹುಡುಕಿದರೆ ಎರಡೂ ಆಗಿರುವ ಪದ ದೊರೆತೇ ದೊರೆಯುತ್ತದೆ.

ಸೊಸೆಯ ಪಟ್ಟಿ ಕೊನೆಗೆ ಹೀಗೆ ನಿಂತಿತು: ಹನ್ನೆರಡು ಪದಗಳು ಕೊಳ್ಳುವವರ ಭಾಷೆಯಲ್ಲಿ. ಡೆನಿಮ್ ಕ್ವಿಲ್ಟ್, ಪ್ಯಾಚ್‌ವರ್ಕ್ ಥ್ರೋ, ತೊಟ್ಟಿಲ ಹೊದಿಕೆ, ಮಗುವಿನ ಉಡುಗೊರೆ, ಹಳೆಯ ಸೀರೆಯ ಹೊದಿಕೆ, ಕೈಹೊಲಿಗೆಯ ಹಾಸು, ಹೀಗೆ. ಹದಿಮೂರನೆಯದರ ಬಗೆಗೆ ಮನೆಯಲ್ಲಿ ವಾದ ಹುಟ್ಟಿತು. ‘ಕೌದಿ ಕ್ವಿಲ್ಟ್’ ಎಂದು ಯಾರೂ ಹುಡುಕುವುದಿಲ್ಲ, ಆ ಸ್ಥಾನವನ್ನು ಸುಮ್ಮನೆ ಹಾಳುಮಾಡಬಾರದೆಂದು ಮಗನ ವಾದ. ಲೆಕ್ಕಕ್ಕೆ ಅದು ಸರಿಯೇ. ಅತ್ತೆ ಮಾತ್ರ, “ಹನ್ನೆರಡು ಅವರಿಗಿರಲಿ, ಒಂದು ನಮಗಿರಲಿ” ಎಂದರು. ಕ್ವಿಲ್ಟ್ ಎಂಬುದು ಜೊತೆಗಿದ್ದುದರಿಂದ ಕವಡೆಯ ಭಯವೂ ಇರಲಿಲ್ಲ. ಸೊಸೆ ಹಾಗೆಯೇ ಬರೆದಳು. ಕೆಳಗೆ ವಿವರಣೆಯಲ್ಲಿ, ಕೌದಿಯೆಂದರೇನು, ಯಾವ ನಾಡಿನದು, ಎಷ್ಟು ಪದರ, ಒಗೆಯುವುದು ಹೇಗೆ ಎಂಬುದನ್ನು ನಾಲ್ಕು ಸಾಲುಗಳಲ್ಲಿ ತಿಳಿಸಿದಳು.

ಮೊದಲ ಗಿರಾಕಿ ಬಂದದ್ದು ‘ಡೆನಿಮ್ ಕ್ವಿಲ್ಟ್’ ಎಂಬ ಬಾಗಿಲಿನಿಂದ. ಕನ್ನಡದ ಗಂಧವಿಲ್ಲದ ಪರದೇಶದ ಹೆಣ್ಣುಮಗಳು. ವಸ್ತು ತಲುಪಿದ ಮೇಲೆ ಆಕೆ ಬರೆದ ಎರಡು ಸಾಲಿನ ಮೆಚ್ಚುಗೆಯಲ್ಲಿ ‘ಕ್ವಿಲ್ಟ್’ ಎಂಬ ಪದವೇ ಇರಲಿಲ್ಲ. ಮಗು ತನ್ನ ‘ಕೌದಿ’ಯನ್ನು ಬಿಟ್ಟು ಮಲಗುವುದಿಲ್ಲವೆಂದಿತ್ತು. ಸೊಸೆ ಅದನ್ನು ಓದಿ ಹೇಳಿದಾಗ ಅತ್ತೆ, “ಹೆಸರು ಸರಿಯಾಗಿ ಬರದಾಳ?” ಎಂದು ಎರಡು ಸಲ ಕೇಳಿ ಖಚಿತಪಡಿಸಿಕೊಂಡರು.

ಒಂದು ಸ್ಥಾನವನ್ನು ಸ್ವಂತದ ಹೆಸರಿಗೆ ಮೀಸಲಿಟ್ಟುದರಿಂದ ನಷ್ಟವೇನೂ ಆಗಲಿಲ್ಲ. ಗಿರಾಕಿ ತನ್ನ ಪದವನ್ನು ಹಿಡಿದು ಬರಲಿ. ಹೋಗುವಾಗ ಮಾಡಿದವರ ಪದವನ್ನು ಹೊತ್ತುಕೊಂಡು ಹೋಗಲಿ. 2020ರಲ್ಲಿ ಅಮೆಜಾನ್, ಫ್ಲಿಪ್‌ಕಾರ್ಟ್‌ಗಳೆರಡೂ ಕನ್ನಡದಲ್ಲಿ ವ್ಯವಹಾರ ತೆರೆದ ಮೇಲೆ ಕನ್ನಡದ ಪದಗಳಿಗೆ ಈ ಪೇಟೆಯಲ್ಲಿ ಕಾಲೂರಲು ಜಾಗ ದೊರೆತಿದೆ. ಆದರೆ ಬರೆಯದ ಪದವನ್ನು ಯಾವ ಯಂತ್ರವೂ ಸೂಚಿಸದು; ಸೂಚಿಸದ ಪದವನ್ನು ಮುಂದಿನವರು ಕೇಳರು. ಕುಂಚಿಗೆ, ದುಬಟಿ, ಕೌದಿ ಮೊದಲಾದ ಪದಗಳು ನಿಘಂಟುಗಳಲ್ಲಿ ಸುಖವಾಗಿ ಮಲಗಿವೆ. ಅವುಗಳನ್ನು ಎಬ್ಬಿಸಿ ಪೇಟೆಗೆ ಕಳುಹಿಸುವ ಕೆಲಸ ಪಂಡಿತರಿಂದ ಆಗಲಿಲ್ಲ. ಸೂಜಿ ಹಿಡಿದವರಿಂದ ಆಗುವುದಾದರೆ ಪಂಡಿತರು ಸಂತೋಷಪಡಬೇಕು.

ಅತ್ತೆ ಈಗ ಎರಡನೆಯ ಕೌದಿಯ ನಡುವಿನಲ್ಲಿದ್ದಾರೆ. ಸೊಸೆ ಹೊಸ ಪದಗಳ ಪಟ್ಟಿ ಮಾಡುತ್ತಿದ್ದಾಳೆ. ಇಬ್ಬರದೂ ಒಂದೇ ಬಗೆಯ ಕೆಲಸ: ಇದ್ದ ತುಂಡುಗಳಲ್ಲಿ ಯಾವುದು ಯಾವುದರ ಪಕ್ಕದಲ್ಲಿ ಕುಳಿತರೆ ಹೊಂದೀತೆಂದು ನೋಡುವುದು.